ಕಂಡುದರಿಂದ ಕಾಣದುದಕ್ಕೆ

ಮಳೆಗಾಲದ ಪ್ರವಾಸ ಮುಗಿದ ಮರುವಾರ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ಬರೆಯಲು ಕೊಡುವ ವಿಷಯ ಸಾಮಾನ್ಯವಾಗಿ ಶಿವನಸಮುದ್ರದ ಜಲಪಾತದ ವರ್ಣನೆಯೇ ಆಗಿರುತ್ತದೆ. ಬರೆದು ತಂದ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು ಓದಿದರೆ, ಬರೆದವರು ಒಂದು ತರಗತಿಯ ಮಕ್ಕಳೆಲ್ಲರೋ ಇಲ್ಲವೆ ಅವರಲ್ಲಿ ಒಬ್ಬನೇ ಒಬ್ಬನೋ ಎಂಬ ಅನುಮಾನ ಹುಟ್ಟುವುದುಂಟು. ಎಲ್ಲರ ಪುಟದಲ್ಲಿಯೂ ಕಾವೇರಿ ಧುಮ್ಮಿಕ್ಕುತ್ತಾಳೆ. ಎಲ್ಲರ ಪುಟದಲ್ಲಿಯೂ ನೀರು ಹಾಲಿನ ನೊರೆಯಂತೆ ಇರುತ್ತದೆ. ದೃಶ್ಯವು ಎಲ್ಲರಿಗೂ ವರ್ಣಿಸಲಸದಳವಾಗಿರುತ್ತದೆ. ಇನ್ನೇನು ಪುಟ ಮುಗಿಯಿತು ಎನ್ನುವಾಗ, ‘ಇದು ಕರ್ನಾಟಕದ ನಯಾಗರ’ ಎಂಬ ವಾಕ್ಯವೊಂದು ಎಲ್ಲಿಂದಲೋ ಬಂದು ಕೂಡಿಕೊಳ್ಳುತ್ತದೆ.

ಈ ಕೊನೆಯ ವಾಕ್ಯವನ್ನು ಸ್ವಲ್ಪ ತಡೆದು ನಿಲ್ಲಿಸಿ ವಿಚಾರಿಸಬೇಕು. ಬರೆದ ಹುಡುಗನು ನಯಾಗರವನ್ನು ಕಂಡವನಲ್ಲ. ಪಕ್ಕದಲ್ಲಿ ಕುಳಿತು ಓದುವ ಗೆಳೆಯನೂ ಕಂಡವನಲ್ಲ. ಕೆಂಪು ಶಾಯಿಯಲ್ಲಿ ತಿದ್ದುವ ಉಪಾಧ್ಯಾಯರೂ ಬಹುಶಃ ಕಂಡವರಲ್ಲ. ಕಣ್ಣಾರೆ ಕಂಡ ಒಂದು ವಸ್ತುವನ್ನು ಯಾರೂ ಕಾಣದ ಇನ್ನೊಂದು ವಸ್ತುವಿನ ಮೂಲಕ ತಿಳಿಸಹೊರಟಂತಾಯಿತು. ಮಳವಳ್ಳಿಗೆ ದಾರಿ ಕೇಳಿದ ಪರಸ್ಥಳದವನಿಗೆ, ಆತನು ಹೆಸರನ್ನೂ ಕೇಳದ ಇನ್ನಾವುದೋ ಊರಿನ ಗುರುತು ಹೇಳಿ ಕಳುಹಿಸಿದರೆ ಏನಾದೀತೋ ಓದುಗನಿಗೆ ಇಲ್ಲಿ ಆಗುವುದೂ ಅದೇ.

ಇಷ್ಟಕ್ಕೂ ಆ ಹೋಲಿಕೆ ನಿಜವಾದುದೂ ಅಲ್ಲ. ನಯಾಗರದ ಎತ್ತರ ಅರವತ್ತು ಮೀಟರನ್ನು ಮುಟ್ಟುವುದಿಲ್ಲ. ಗಗನಚುಕ್ಕಿಯಾದರೋ ಸುಮಾರು 90 ಮೀಟರ್ ಕೆಳಕ್ಕೆ ಇಳಿಯುತ್ತದೆ. ನಯಾಗರದ ಹಿರಿಮೆ ಇರುವುದು ಅದರ ಅಗಲದಲ್ಲಿ, ವರ್ಷವಿಡೀ ಬತ್ತದ ನೀರಿನಲ್ಲಿ. ಅದರ ಬೆನ್ನ ಹಿಂದೆ ಸಮುದ್ರದಂಥ ಸರೋವರಗಳಿವೆ. ಗಗನಚುಕ್ಕಿಗೆ ಅಂಥ ಆಸರೆಯಿಲ್ಲ. ಕೊಡಗಿನಲ್ಲಿ ಮಳೆ ಹಿಡಿದರೆ ಅದು ಮೈದುಂಬುತ್ತದೆ. ಬೇಸಗೆ ಬಂದರೆ ಕಲ್ಲುಬಂಡೆಗಳ ಮೈ ತೋರಿಸಿಕೊಂಡು ಕೆಲವೇ ಎಳೆಗಳಾಗಿ ಉಳಿಯುತ್ತದೆ. ನಯಾಗರದ ನೀರು ಅಂಚಿನಿಂದ ಪರದೆ ಬಿಟ್ಟಂತೆ ಬೀಳುತ್ತದೆ. ಗಗನಚುಕ್ಕಿಯ ನೀರು ಬಂಡೆಯಿಂದ ಬಂಡೆಗೆ ಒಡೆದು, ಕವಲಾಗಿ, ಮತ್ತೆ ಕೂಡಿ ಇಳಿಯುತ್ತದೆ. ‘ನಯಾಗರ’ ಎಂಬ ಒಂದೇ ಮಾತು ಇಷ್ಟೆಲ್ಲವನ್ನೂ ಮುಚ್ಚಿಬಿಟ್ಟಿತು. ಹೊಗಳಿಕೆಗಾಗಿ ಬಳಸಿದ ಮಾತು ವಸ್ತುವನ್ನೇ ಕಣ್ಮರೆ ಮಾಡಿತು.

ಹಾಗಾದರೆ ಮದ್ದೂರಿನ ಕಡೆಯ ಒಬ್ಬ ಬಾಲಕನಿಗೆ, ಜಲಪಾತವನ್ನೇ ನೋಡದಿರುವವನಿಗೆ, ಗಗನಚುಕ್ಕಿಯನ್ನು ಹೇಗೆ ಹೇಳಬೇಕು? ಆತನು ಏನನ್ನು ಕಂಡಿದ್ದಾನೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಆತನು ನಾಲೆಯ ತೂಬನ್ನು ಕಂಡಿದ್ದಾನೆ. ನೀರುಗಂಟಿಯು ಬಂದು ತೂಬನ್ನು ಎತ್ತಿದೊಡನೆ ಅದುವರೆಗೆ ಹಸಿರಾಗಿ, ಸದ್ದಿಲ್ಲದೆ ನಿಂತಿದ್ದ ನೀರು ಬೆಳ್ಳಗಾಗಿ ಕಾಲುವೆಗೆ ಹಾರುವುದನ್ನು ಎಷ್ಟೋ ಸಲ ನೋಡಿದ್ದಾನೆ. ಅಲ್ಲಿ ಏಳುವ ಹನಿ ಮುಖಕ್ಕೆ ಸಿಡಿದಿದೆ. ಅದರ ಸದ್ದಿನಲ್ಲಿ ಪಕ್ಕದವನು ಕೂಗಿದ್ದು ಒಂದು ಕ್ಷಣ ಕೇಳಿಸದೆ ಹೋಗಿದೆ. ವರ್ಣನೆ ಇಲ್ಲಿಂದ ಹೊರಡಬಹುದು. ಬೆಳ್ಳಗಾಗುವ ನೀರು, ಸಿಡಿಯುವ ಹನಿ, ಮಾತನ್ನು ನುಂಗುವ ಸದ್ದು, ಈ ಮೂರೂ ಗಗನಚುಕ್ಕಿಯಲ್ಲಿ ಇವೆ.

ಆದರೆ ಇಲ್ಲಿಗೇ ನಿಂತರೆ ಗಗನಚುಕ್ಕಿಯು ದೊಡ್ಡದೊಂದು ತೂಬಾಗಿಬಿಡುತ್ತದೆ. ಓದುಗನನ್ನು ಕೈಹಿಡಿದು ತೂಬಿನವರೆಗೆ ಕರೆದುಕೊಂಡು ಬಂದ ಮೇಲೆ, ಒಂದು ಹಂತದಲ್ಲಿ ಆ ಕೈಯನ್ನು ಬಿಡಬೇಕು. ತೂಬಿನ ಬಳಿ ಬಾಗಿ ಮುಖ ತೊಳೆಯಬಹುದು. ಗಗನಚುಕ್ಕಿಯನ್ನು ಕಣಿವೆಯ ಈಚೆಯ ದಡದಿಂದ ನೋಡಬೇಕೇ ಹೊರತು ಹತ್ತಿರ ಸುಳಿಯುವಂತಿಲ್ಲ. ತೂಬಿನಲ್ಲಿ ಬಿದ್ದ ನೀರು ಎಲ್ಲಿ ಬಿತ್ತೆಂಬುದು ಕಾಣುತ್ತದೆ. ಇಲ್ಲಿ ತುಂಬಿದ ಹೊಳೆ ಬಿದ್ದ ತಾಣ ಹನಿಯ ಮಂಜಿನಲ್ಲಿ ಮುಚ್ಚಿಹೋಗಿರುತ್ತದೆ. ತೂಬಿಗೆ ಒಂದು ಹಲಗೆ ಇಳಿಸಿದರೆ ಸದ್ದು ನಿಲ್ಲುತ್ತದೆ. ಇಲ್ಲಿ ಹಲಗೆ ಇಳಿಸುವ ನೀರುಗಂಟಿ ಇಲ್ಲ. ಈ ಮೂರನೆಯ ಮಾತನ್ನು ಓದಿದಾಗ ಬಾಲಕನ ಮನಸ್ಸಿನಲ್ಲಿ ಸಣ್ಣದೊಂದು ನಡುಕ ಹುಟ್ಟಬಹುದು. ವರ್ಣಿಸಲಸದಳ ಎಂಬ ಮಾತಿನಿಂದ ಆಗದ ಕೆಲಸವು ಆತನೇ ದಿನವೂ ನೋಡುವ ಒಬ್ಬ ನೀರುಗಂಟಿಯ ಗೈರುಹಾಜರಿಯಿಂದ ಆಯಿತು.

ಹೋಲಿಕೆಗೆ ಇರುವ ಬೆಲೆ ಎಲ್ಲರಿಗೂ ಗೊತ್ತು. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ಪ್ರಾಮಾಣಿಕವಾಗಿ ತೋರಿಸುವುದರ ಬೆಲೆ ಅಷ್ಟಾಗಿ ಗೊತ್ತಿಲ್ಲ. ಒಳ್ಳೆಯ ವರ್ಣನೆ ಹುಟ್ಟುವುದು ಈ ಮುರಿಯುವ ತಾಣದಲ್ಲಿಯೇ.

ಇನ್ನು, ಪರಿಚಿತವೆಂಬುದು ಎಲ್ಲರಿಗೂ ಒಂದೇ ಅಲ್ಲ. ಮಂಡ್ಯದ ಸುತ್ತಿನ ಮಕ್ಕಳಿಗೆ ಕಬ್ಬಿನ ಗದ್ದೆ ಪರಿಚಿತ, ಕಡಲು ಅಪರಿಚಿತ. ಗಾಳಿ ಬೀಸಿದಾಗ ಕಬ್ಬಿನ ಸುಳಿಗಳೆಲ್ಲ ಒಂದು ಕಡೆಗೆ ಬಾಗಿ, ಎದ್ದು, ಮತ್ತೆ ಬಾಗುವುದನ್ನು ಕಂಡವನಿಗೆ ‘ಕಡಲಿನ ಅಲೆಯೂ ಹೀಗೆಯೇ’ ಎಂದರೆ ಅರ್ಧ ತಿಳಿಯುತ್ತದೆ. ‘ಆದರೆ ಕಬ್ಬು ಎಷ್ಟು ಬಾಗಿದರೂ ಬದುವನ್ನು ದಾಟದು, ಕಡಲಿನ ಅಲೆ ನಿಂತವನ ಪಾದದವರೆಗೆ ಬಂದು, ಹಿಂದಿರುಗುವಾಗ ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ’ ಎಂದರೆ ಉಳಿದರ್ಧವೂ ತಿಳಿಯುತ್ತದೆ. ಕನ್ನಂಬಾಡಿಯ ಹಿನ್ನೀರನ್ನು ನೋಡಿದವನು ‘ಇದೇ ಕಡಲು’ ಎಂದು ಭ್ರಮಿಸಬಹುದು. ಹಿನ್ನೀರಿಗೆ ಆಚೆ ದಡವುಂಟು, ಕಡಲಿಗೆ ಕಣ್ಣಿಗೆ ಕಾಣುವ ಆಚೆ ದಡವಿಲ್ಲ ಎಂದು ಒಂದೇ ಮಾತಿನಲ್ಲಿ ಆ ಭ್ರಮೆಯನ್ನು ಬಿಡಿಸಬಹುದು. ಇದನ್ನೇ ಕಾಸರಗೋಡಿನಲ್ಲಿ ಕನ್ನಡ ಓದುವ ಬಾಲಕಿಗೆ ಬರೆಯುವಾಗ ದಾರಿಯನ್ನು ತಿರುಗಿಸಬೇಕು. ಆಕೆಗೆ ಕಡಲು ಅಂಗಳದಷ್ಟು ಹತ್ತಿರ; ಮೈಲಿಗಟ್ಟಲೆ ಹಬ್ಬಿದ ಕಬ್ಬಿನ ಬಯಲನ್ನು ಆಕೆ ನೋಡಿರಲಾರಳು. ಆಕೆಗೆ ಕಡಲನ್ನು ಮುಂದಿಟ್ಟು ಕಬ್ಬನ್ನು ತೋರಿಸಬೇಕು. ಅಲೆ ಅದೇ, ಆದರೆ ಮೊರೆತವಿಲ್ಲ, ಒಣಗರಿಗಳು ಒಂದಕ್ಕೊಂದು ಉಜ್ಜುವ ಸರಸರ ಸದ್ದು; ಉಪ್ಪಿನ ಗಾಳಿಯಿಲ್ಲ, ಆಲೆಮನೆ ನಡೆಯುವ ಕಾಲದಲ್ಲಿ ಕುದಿಯುವ ಹಾಲಿನ ಸಿಹಿಗಂಪು. ಇಲ್ಲಿ ‘ಹಾಲು’ ಎಂದರೆ ಕಬ್ಬಿನ ಹಾಲು ಎಂದು ಆಕೆಗೆ ಬಿಡಿಸಿ ಹೇಳಬೇಕಾಗುತ್ತದೆ, ಮಂಡ್ಯದವರಿಗೆ ಬೇಕಿಲ್ಲ. ಯಾರಿಗಾಗಿ ಬರೆಯುತ್ತಿರುವುದು ಎಂಬ ಪ್ರಶ್ನೆಯನ್ನು ಮರೆತವನು ಒಂದೋ ತಿಳಿದವರಿಗೆ ತಿಳಿದುದನ್ನೇ ಹೇಳುತ್ತಾನೆ, ಇಲ್ಲವೆ ತಿಳಿಯದವರಿಗೆ ತಿಳಿಯದುದರಿಂದ ಹೇಳುತ್ತಾನೆ.

ಕನ್ನಡ ಭಾಷೆಯನ್ನು ಬೆಳೆಸಿದ ಜನಸಾಮಾನ್ಯರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಡಗಿನಲ್ಲಿ ಬಂದಿಳಿದ ಹೊಸ ಪದಾರ್ಥಗಳು ಹಳ್ಳಿಯ ಸಂತೆಗೆ ಬಂದಾಗ ಅವಕ್ಕೆ ಹೆಸರಿಡುವ ಹೊಣೆ ಜನರ ಮೇಲೆಯೇ ಬಿತ್ತು. ದೀಪ ಉರಿಸುವ ಹೊಸ ದ್ರವ ಬಂದಿತು; ಅದು ಎಣ್ಣೆಯಂತೆ ಇದೆ, ಆದರೆ ಹರಳೆಣ್ಣೆಯೂ ಅಲ್ಲ, ಹೊಂಗೆಣ್ಣೆಯೂ ಅಲ್ಲ. ಜನ ಅದನ್ನು ಸೀಮೆಎಣ್ಣೆ ಎಂದರು. ಹಲಗೆಯ ಮೇಲೆ ಬರೆಯುವ ಬಿಳಿಯ ಕಡ್ಡಿ ಬಂದಿತು, ಬಣ್ಣದಲ್ಲಿ ಸುಣ್ಣ, ಬಳಕೆಯಲ್ಲಿ ಬೇರೆ, ಅದು ಸೀಮೆಸುಣ್ಣವಾಯಿತು. ಹೊರದೇಶದ ತಳಿಯ ಹಸು ಸೀಮೆಹಸುವಾಯಿತು. ಈ ಪದಗಳನ್ನು ಒಡೆದು ನೋಡಿದರೆ ಎರಡು ಕೈಗಳು ಕಾಣುತ್ತವೆ. ಎಣ್ಣೆ, ಸುಣ್ಣ, ಹಸು ಎಂಬ ಒಂದು ಕೈ ಪರಿಚಿತವನ್ನು ಹಿಡಿದುಕೊಂಡಿದೆ. ಸೀಮೆ ಎಂಬ ಇನ್ನೊಂದು ಕೈ, ‘ಎಚ್ಚರ, ಇದು ನೀನು ತಿಳಿದ ಎಣ್ಣೆಯಲ್ಲ’ ಎಂದು ತಡೆಯುತ್ತಿದೆ. ಒಂದೇ ಪದದಲ್ಲಿ ಸಾದೃಶ್ಯವೂ ಆಯಿತು, ಭೇದವೂ ಆಯಿತು. ಪಂಡಿತರು ಕುಳಿತು ಸೃಷ್ಟಿಸಿದ ಎಷ್ಟೋ ಪಾರಿಭಾಷಿಕ ಪದಗಳಿಗೆ ಇಷ್ಟು ಆಯುಸ್ಸು ದೊರೆಯಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು.

ಹೀಗೆಂದಮಾತ್ರಕ್ಕೆ ಜನರ ಹೋಲಿಕೆ ಎಂದೂ ತಪ್ಪಲಿಲ್ಲವೆಂದಲ್ಲ. ಸೀಮೆಬದನೆ ಎಂಬ ತರಕಾರಿಯ ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆ. ಅದಕ್ಕೂ ಬದನೆಗೂ ಯಾವ ನಂಟೂ ಇಲ್ಲ. ಅದು ಸೌತೆ, ಕುಂಬಳಗಳ ಕುಲಕ್ಕೆ ಸೇರಿದ ಬಳ್ಳಿ. ಕಾಯಿಯ ಆಕಾರವನ್ನೋ ಅಡಿಗೆಯ ಬಳಕೆಯನ್ನೋ ನೋಡಿ ಇಟ್ಟ ಹೆಸರು ಹಾಗೆಯೇ ನಿಂತಿತು. ಹೆಸರನ್ನು ನಂಬಿ ಬದನೆಯ ಗಿಡವನ್ನು ನಿರೀಕ್ಷಿಸಿದವನು ಚಪ್ಪರದ ಕೆಳಗೆ ನಿಂತು ಬೆರಗಾಗಬೇಕಾಗುತ್ತದೆ. ಪರಿಚಿತ ವಸ್ತುವನ್ನು ಆರಿಸುವಾಗ ಹೊರಗಿನ ಒಂದು ಹೋಲಿಕೆ ಸಾಕಾಗದು ಎಂಬುದಕ್ಕೆ ಈ ಬಳ್ಳಿಯೇ ಸಾಕ್ಷಿ.

ಶಿವನಸಮುದ್ರದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬಹುದು. 1902ರಲ್ಲಿ ಅಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದರ ದೀಪ ಉರಿಯಿತು. ನೀರಿನಿಂದ ಬೆಂಕಿ ಹುಟ್ಟಿತೆಂದರೆ ಅಂದಿನವರಿಗೆ ಅದನ್ನು ಹೇಗೆ ತಿಳಿಸುವುದು? ಎಣ್ಣೆಯಿಲ್ಲದೆ ಉರಿಯುವ, ಬತ್ತಿಯಿಲ್ಲದೆ ಬೆಳಗುವ, ಊದಿದರೆ ಆರದ ದೀಪ ಎನ್ನಬೇಕು. ಹಣತೆಯೊಂದನ್ನು ಎದುರಿಗಿಟ್ಟು ಅದರಿಂದ ಒಂದೊಂದನ್ನೇ ಕಳೆಯುತ್ತ ಹೋಗಬೇಕು. ಕಳೆದು ಕಳೆದು ಕೊನೆಗೆ ಉಳಿಯುವ ಬೆಳಕು ಮಾತ್ರ ಎರಡಕ್ಕೂ ಸಮಾನ.

ಕಳೆಯುವುದರಿಂದಲೇ ವಸ್ತುವೊಂದು ಮೂಡಿಬರುವುದಕ್ಕೆ ಮದ್ದೂರಿನಲ್ಲಿ ಇದಕ್ಕಿಂತಲೂ ರುಚಿಯಾದ ನಿದರ್ಶನವುಂಟು. ಮದ್ದೂರು ವಡೆಯ ಹೆಸರನ್ನು ಮೊದಲ ಸಲ ಕೇಳಿದ ಹೊರನಾಡಿನವನಿಗೆ ಉದ್ದಿನ ವಡೆಯ ನೆನಪಾಗುತ್ತದೆ: ಹೊರಗೆ ಗರಿ, ಒಳಗೆ ಮೆತ್ತಗೆ, ನಡುವೆ ಒಂದು ತೂತು. ಮದ್ದೂರು ವಡೆ ಇದಾವುದೂ ಅಲ್ಲ. ನಡುವೆ ತೂತಿಲ್ಲ. ಉದ್ದನ್ನು ನೆನೆಹಾಕಿ ರುಬ್ಬುವ ಗೊಡವೆಯಿಲ್ಲ. ರವೆ, ಅಕ್ಕಿಹಿಟ್ಟು, ಮೈದಾಗಳನ್ನು ಈರುಳ್ಳಿಯೊಡನೆ ಕಲಸಿ, ಅಂಗೈಯಗಲ ತಟ್ಟಿ ಕರಿಯುತ್ತಾರೆ. ಉಬ್ಬಿಕೊಂಡಿರದೆ ಚಪ್ಪಟೆಯಾಗಿರುತ್ತದೆ, ಮುರಿದರೆ ಮುರುಕುತ್ತದೆ, ಎಣ್ಣೆಯಲ್ಲಿ ಬೆಂದ ಈರುಳ್ಳಿಯ ಸಿಹಿ ನಾಲಗೆಗೆ ಸಿಕ್ಕುತ್ತದೆ. ಸಾಂಬಾರಿನಲ್ಲಿ ಮುಳುಗಿಸಿ ತಿನ್ನುವ ಪದಾರ್ಥವಲ್ಲ. ಕೈಯಲ್ಲಿ ಹಿಡಿದು ರೈಲಿನ ಕಿಟಕಿಯ ಬಳಿ ಕುಳಿತು ತಿನ್ನುವುದಕ್ಕೆ ಹೇಳಿಮಾಡಿಸಿದ ತಿಂಡಿ. ಬೆಂಗಳೂರು–ಮೈಸೂರು ರೈಲುದಾರಿಯ ಮದ್ದೂರು ನಿಲ್ದಾಣದಿಂದಲೇ ಅದರ ಕೀರ್ತಿ ಹಬ್ಬಿದ್ದು. ಉದ್ದಿನ ವಡೆಯನ್ನು ಮೊದಲು ನೆನಪಿಗೆ ತಂದುಕೊಟ್ಟು, ಅದನ್ನು ಒಂದೊಂದಾಗಿ ಅಲ್ಲಗಳೆದುದರಿಂದ ಮದ್ದೂರು ವಡೆ ಕಣ್ಣಿಗೆ ಕಟ್ಟಿತು. ‘ಮದ್ದೂರು ವಡೆ ಬಹಳ ರುಚಿಯಾದುದು’ ಎಂದು ಹತ್ತು ಸಲ ಬರೆದಿದ್ದರೂ ಕಟ್ಟುತ್ತಿರಲಿಲ್ಲ. (2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಮದ್ದೂರು ಪೇಟೆಯನ್ನು ಬಳಸಿ ಹೋಗುತ್ತದೆ. ಆ ದಾರಿಯಲ್ಲಿ ಸಾಗುವ ಪ್ರಯಾಣಿಕರಿಗೆ ಇನ್ನು ಮುಂದೆ ವಡೆಯನ್ನು ಮಾತ್ರವಲ್ಲ, ಮದ್ದೂರನ್ನೂ ವರ್ಣಿಸಿ ಹೇಳಬೇಕಾದೀತು.)

ಅಲಂಕಾರಶಾಸ್ತ್ರವನ್ನು ಬಲ್ಲವರು ಇದರಲ್ಲಿ ಹೊಸತೇನೂ ಇಲ್ಲವೆನ್ನಬಹುದು. ಉಪಮೆ, ರೂಪಕಗಳ ಸಾಲಿನಲ್ಲಿಯೇ ವ್ಯತಿರೇಕವೆಂಬ ಅಲಂಕಾರವೂ ಇದೆ. ಉಪಮಾನದೊಡನೆ ಹೋಲಿಸುತ್ತಲೇ ಉಪಮೇಯವು ಅದಕ್ಕಿಂತ ಹೇಗೆ ಬೇರೆ, ಹೇಗೆ ಮಿಗಿಲು ಎಂದು ಹೇಳುವುದು ಅದರ ಲಕ್ಷಣ. ಚಂದ್ರನಿಗೆ ಕಳಂಕವುಂಟು, ಈ ಮುಖಕ್ಕೆ ಇಲ್ಲ ಎನ್ನುವುದು ಅದರ ಹಳೆಯ ಮಾದರಿ. ಆದರೂ ಕನ್ನಡಿಗರು ಲಕ್ಷ್ಮೀಶನನ್ನು ಉಪಮಾಲೋಲನೆಂದು, ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿಯೆಂದು ಕರೆದು ಮೆರೆಸಿದಷ್ಟು ವ್ಯತಿರೇಕವನ್ನು ಮೆರೆಸಲಿಲ್ಲ. ಸಾಮ್ಯವನ್ನು ಕಂಡರೆ ಮನಸ್ಸಿಗೆ ಸಂತೋಷ. ಭೇದವನ್ನು ಕಾಣುವುದಕ್ಕೆ ಶ್ರಮ ಬೇಕು. ಪದ್ಯದಲ್ಲಿ ಹೇಗೋ ಏನೋ, ಗದ್ಯದಲ್ಲಿ ಈ ಶ್ರಮವನ್ನು ತಪ್ಪಿಸಿಕೊಳ್ಳುವುದು ಸರಿಯಲ್ಲ.

ಆದರೆ ಭೇದವನ್ನು ಹೇಳುವುದರಲ್ಲಿ ಒಂದು ಅಪಾಯವೂ ಅಡಗಿದೆ. ಪಟ್ಟಣದಿಂದ ಬಂದವನು ಹಳ್ಳಿಯೊಂದನ್ನು ವರ್ಣಿಸುವಾಗ, ಅಲ್ಲಿ ಹೋಟೆಲು ಇಲ್ಲ, ಸಿನಿಮಾ ಮಂದಿರವಿಲ್ಲ, ಸಂಜೆಯಾದ ಮೇಲೆ ಜನಸಂಚಾರವಿಲ್ಲ ಎಂದು ಇಲ್ಲಗಳನ್ನೇ ಪೋಣಿಸಿಕೊಂಡು ಹೋಗುವುದುಂಟು. ಓದಿ ಮುಗಿಸಿದಾಗ ಪಟ್ಟಣ ಹೇಗಿದೆ ಎಂದು ತಿಳಿಯುತ್ತದೆಯೇ ಹೊರತು ಹಳ್ಳಿ ಹೇಗಿದೆ ಎಂದು ತಿಳಿಯದು. ಮದ್ದೂರು ವಡೆಗೆ ತೂತಿಲ್ಲ ಎಂದವನು ಅಲ್ಲಿಗೇ ನಿಲ್ಲದೆ ಈರುಳ್ಳಿಯನ್ನೂ ಮುರುಕನ್ನೂ ಹೇಳಿದ್ದರಿಂದ ವಡೆಗೆ ನ್ಯಾಯ ದೊರೆಯಿತು. ಇಲ್ಲಗಳನ್ನು ಹೇಳಿದ ಮೇಲೆ ಇರುವುದನ್ನು ಹೇಳದಿದ್ದರೆ ಆ ಬರವಣಿಗೆ ದೂರಾಗುತ್ತದೆ, ವರ್ಣನೆಯಾಗುವುದಿಲ್ಲ. ಹಳ್ಳಿಯ ಹುಡುಗ ಪಟ್ಟಣವನ್ನು ಕುರಿತು ಬರೆಯುವಾಗಲೂ ಇದೇ ಮಾತು. ‘ಪಟ್ಟಣದಲ್ಲಿ ಯಾರಿಗೂ ಯಾರ ಪರಿಚಯವೂ ಇಲ್ಲ’ ಎಂದು ಸುಲಭವಾಗಿ ಬರೆದುಬಿಡುವವನು, ದಿನವೂ ಒಂದೇ ಬಸ್ಸಿನಲ್ಲಿ ಒಬ್ಬರಿಗೊಬ್ಬರು ಜಾಗ ಹಿಡಿದಿಡುವವರನ್ನು ನೋಡಿರುವುದಿಲ್ಲ.

1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮೈಸೂರು ಸೀಮೆಯಲ್ಲಿ ಸಂಚರಿಸಿದನು. ಮದ್ದೂರು, ಮಂಡ್ಯಗಳ ದಾರಿಯಲ್ಲಿಯೂ ಅವನು ಹಾದುಹೋದನು. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅವನ ಓದುಗರು ರಾಗಿಯನ್ನು ಕಂಡವರಲ್ಲ, ಇಲ್ಲಿನ ನೇಗಿಲನ್ನು ಹಿಡಿದವರಲ್ಲ, ಸೇರು ಖಂಡುಗಗಳ ಅಳತೆ ಅರಿತವರಲ್ಲ. ಆದುದರಿಂದ ಅವನು ಬಿಡದೆ ವಿವರಿಸಿದನು. ಇಲ್ಲಿಯ ಅಳತೆಗಳನ್ನು ಇಂಗ್ಲಿಷ್ ಅಳತೆಗಳಿಗೆ ತಂದು ತೋರಿಸಿದನು. ಮಣ್ಣಿನ ಬಗೆ, ಬಿತ್ತನೆಯ ಕ್ರಮ, ಉಳುಮೆಯ ಸಲಕರಣೆ ಎಲ್ಲವನ್ನೂ ಬರೆದುಕೊಂಡನು. ತನ್ನ ದೇಶದ ಬೇಸಾಯವನ್ನೇ ಅಳತೆಗೋಲಾಗಿ ಹಿಡಿದು ಇಲ್ಲಿನ ರೈತನನ್ನು ಹಳಿದ ಕಡೆಗಳೂ ಉಂಟು. ಗೆದ್ದವರ ಕಣ್ಣಿನಿಂದ ನೋಡಿದವನಿಗೆ ಅದು ಸಹಜವಾಗಿದ್ದರೂ ಒಪ್ಪತಕ್ಕದ್ದಲ್ಲ. ಆದರೆ ಆ ಪುಸ್ತಕಕ್ಕೆ ಈಗ ಒದಗಿರುವ ಉಪಯೋಗವನ್ನು ಅವನು ಊಹಿಸಿರಲಾರ. ಎರಡು ನೂರು ವರ್ಷಗಳು ಕಳೆದಿವೆ. ಖಂಡುಗವೆಂದರೆ ಎಷ್ಟು ಎಂದು ಕೇಳಿದರೆ ಮಂಡ್ಯದ ಮಕ್ಕಳೂ ಈಗ ತಡಬಡಾಯಿಸುತ್ತಾರೆ. ಲಂಡನ್ನಿನ ಅಪರಿಚಿತರಿಗೆಂದು ಬರೆದ ವಿವರಣೆಯು ಆ ಹೊಲಗಳನ್ನೇ ಉತ್ತವರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಬೇಕಾಗಿದೆ. ಅಂದು ಅದೇ ಹೊಲದ ಬದುವಿನಲ್ಲಿ ನಿಂತಿದ್ದ ಒಕ್ಕಲಿಗನಿಗೆ ಅದೆಲ್ಲವೂ ಎಷ್ಟು ಪರಿಚಿತವಾಗಿತ್ತೆಂದರೆ, ಅದರಲ್ಲಿ ಹೇಳತಕ್ಕದ್ದು ಏನಾದರೂ ಇದೆಯೆಂದು ಅವನಿಗೆ ತೋರಲೇ ಇಲ್ಲ.

ಮಂಡ್ಯ ಜಿಲ್ಲೆಯವರೇ ಆದ ಎಚ್. ಎಲ್. ನಾಗೇಗೌಡರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ಹೊರನಾಡಿನ ಪ್ರವಾಸಿಗರು ಈ ದೇಶವನ್ನು ಕುರಿತು ಬರೆದುದನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ಅವರು ಕನ್ನಡಕ್ಕೆ ತಂದರು. ಅದೇ ಕೈಯಿಂದಲೇ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ, ಹಳ್ಳಿಯ ಮನೆ ಹೊಲಗಳಲ್ಲಿ ಬಳಕೆಯಲ್ಲಿದ್ದ ಸಾಮಾನುಗಳನ್ನು ಒಂದೆಡೆ ಕೂಡಿಸಿದರು. ಹೊರಗಿನವನಿಗೆ ವಿಚಿತ್ರವಾಗಿ ಕಂಡುದನ್ನು ಒಂದು ಕಡೆ, ಒಳಗಿನವನಿಗೆ ತೀರ ಸಾಮಾನ್ಯವೆನಿಸಿದುದನ್ನು ಇನ್ನೊಂದು ಕಡೆ ಅವರು ಕಾಪಿಟ್ಟರು. ತಾತ ದಿನವೂ ಕೈಯಲ್ಲಿ ಹಿಡಿದ ವಸ್ತುವಿನ ಎದುರು ಮೊಮ್ಮಗನು ‘ಇದೇನು?’ ಎಂದು ಕೇಳುವುದನ್ನು ಅಲ್ಲಿ ಈಗ ನೋಡಬಹುದು.

ಕಾವೇರಿಯ ನೀರು ನಾಲೆಯಲ್ಲಿ ಬಂದು ಇನ್ನೂ ನೂರು ವರ್ಷಗಳಾಗಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯ ಕೆಲಸ ಮುಗಿಯಲು ಎರಡು ದಶಕಗಳು ಹಿಡಿದವು. ಹುಲಿಕೆರೆಯ ಬಳಿ ಗುಡ್ಡದೊಳಗೆ ಸುರಂಗ ಕೊರೆದು ನೀರನ್ನು ಈಚೆಗೆ ತಂದರು. ಮೊದಲು ಇರ್ವಿನ್ ನಾಲೆಯೆಂದು ಕರೆದ ಅದು ಅನಂತರ ವಿಶ್ವೇಶ್ವರಯ್ಯ ನಾಲೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಅದಕ್ಕೆ ಮುಂಚೆ ಈ ನೆಲದ ಬಹುಭಾಗ ರಾಗಿ, ಜೋಳ, ಹುರುಳಿಗಳ ಬೆದ್ದಲು. ಕೆರೆಯ ಕೆಳಗೆ ಮಾತ್ರ ಒಂದಿಷ್ಟು ಗದ್ದೆ. ‘ಮಂಡ್ಯ ಹಸಿರು ನಾಡು’ ಎಂದು ಇಂದಿನ ವಿದ್ಯಾರ್ಥಿ ಬರೆಯುವ ವಾಕ್ಯದಲ್ಲಿ ಸುಳ್ಳಿಲ್ಲ, ಆದರೆ ತೂಕವೂ ಇಲ್ಲ. ಆ ಹಸಿರಿನ ಪಕ್ಕದಲ್ಲಿ, ಮಳೆ ಕೈಕೊಟ್ಟ ವರ್ಷ ಬಾನನ್ನೇ ನೋಡುತ್ತ ಕುಳಿತಿದ್ದ ಬೆದ್ದಲನ್ನು ಇಟ್ಟರೆ ಮಾತ್ರ ಅದು ಎಂಥ ಹಸಿರು ಎಂಬುದು ತಿಳಿದೀತು. ಈ ಜಿಲ್ಲೆಯ ಮನೆಗಳಲ್ಲಿ 124.80 ಎಂಬ ಅಂಕಿ ದೇವರ ಹೆಸರಿನಷ್ಟು ಪರಿಚಿತ; ಕಟ್ಟೆ ತುಂಬಿದಾಗ ನೀರಿನ ಮಟ್ಟ ಅಷ್ಟು ಅಡಿ. ಆಷಾಢದ ಬೆಳಗ್ಗೆ ಪತ್ರಿಕೆ ಬಿಚ್ಚಿದೊಡನೆ ಮೊದಲು ನೋಡುವುದು ಅದರ ಮೂಲೆಯಲ್ಲಿ ಅಚ್ಚಾದ ನೀರಿನ ಮಟ್ಟವನ್ನು. ಬೇರೆ ನಾಡಿನ ಓದುಗನಿಗೆ ಆ ಅಂಕಿಯನ್ನು ಬರಿದೆ ಹೇಳಿದರೆ ಏನೂ ತಿಳಿಯದು. ಆ ಅಂಕಿಯನ್ನು ನೋಡುವ ಕಣ್ಣುಗಳನ್ನು ಹೇಳಿದರೆ ತಿಳಿಯುತ್ತದೆ.

ಹಾಗೆ ಹೇಳಹೊರಟಾಗ ಒಂದೇ ಜಿಲ್ಲೆಯೊಳಗೂ ಪರಿಚಿತ ಅಪರಿಚಿತಗಳು ಬೇರೆ ಬೇರೆ ಎಂಬುದು ಗೋಚರವಾಗುತ್ತದೆ. ನಾಲೆಯ ತಲೆಯ ಕಡೆಯ ಊರಿನವನಿಗೆ ನಾಲೆಯೆಂದರೆ ದಡ ಮುಟ್ಟಿ ಹರಿಯುವ ನೀರು. ಮದ್ದೂರು, ಮಳವಳ್ಳಿಗಳ ಕೊನೆಯಂಚಿನ ಊರಿನವನಿಗೆ ನಾಲೆಯೆಂದರೆ ಬಹಳ ದಿನಗಳ ಕಾಲ ಒಂದು ನಿರೀಕ್ಷೆ. ಆದರೂ ‘ನಮ್ಮೂರ ನಾಲೆ’ ಎಂಬ ಪ್ರಬಂಧ ಬರೆಯುವಾಗ ಕೊನೆಯಂಚಿನ ಊರಿನ ಹುಡುಗಿ ಕೂಡ ‘ನಾಲೆಯಲ್ಲಿ ಸದಾ ನೀರು ತುಂಬಿ ಹರಿಯುತ್ತದೆ’ ಎಂದೇ ಬರೆಯುತ್ತಾಳೆ. ಓದಿದ ಪುಸ್ತಕಗಳಲ್ಲಿ ನಾಲೆ ಹಾಗೆಯೇ ಇದೆ. ನಯಾಗರವನ್ನು ತಂದು ಕೂರಿಸಿದ ಹುಡುಗನದೂ ಈಕೆಯದೂ ಒಂದೇ ದೋಷವೆನ್ನಬಹುದು. ಆದರೆ ಈಕೆಯ ನಷ್ಟ ದೊಡ್ಡದು. ಆತನು ಒಂದು ಜಲಪಾತವನ್ನು ಕಳೆದುಕೊಂಡ. ಈಕೆ ತನ್ನ ಮನೆಯವರ ಕಷ್ಟವನ್ನೇ ಪುಟದಿಂದ ಅಳಿಸಿಹಾಕಿದಳು. ಓದಿದವರು ಆ ಊರಿಗೆ ನೀರು ಸಾಕಷ್ಟಿದೆಯೆಂದೇ ತಿಳಿಯುತ್ತಾರೆ.

ಆಕೆಯ ಬಳಿ ಇರುವ ವಸ್ತು ಬೇರೆಯಾರ ಬಳಿಯೂ ಇಲ್ಲ. ಮೇಲಿನ ಊರಿನ ನೆಂಟರ ಮನೆಯಲ್ಲಿ ಆಕೆ ತುಂಬಿದ ನಾಲೆಯನ್ನೂ ಕಂಡಿದ್ದಾಳೆ. ಅಲ್ಲಿ ನಾಲೆಯ ಏರಿಯ ಮೇಲೆ ಬಟ್ಟೆ ಒಗೆಯುತ್ತಾರೆ. ಇಲ್ಲಿ ನಾಲೆಯ ಒಣಗಿದ ತಳದಲ್ಲಿ ಹುಡುಗರು ಚೆಂಡಾಡುತ್ತಾರೆ. ಅಲ್ಲಿ ನೀರು ಬಂದುದನ್ನು ಯಾರೂ ಗಮನಿಸುವುದಿಲ್ಲ. ಇಲ್ಲಿ ನೀರು ಬಿಟ್ಟಿದ್ದಾರೆಂಬ ಸುದ್ದಿ ನೀರಿಗಿಂತ ಎರಡು ದಿನ ಮೊದಲೇ ಬರುತ್ತದೆ. ಮೂರನೆಯ ದಿನ ಒಣಗಿದ ಎಲೆ, ಕಸಕಡ್ಡಿಗಳನ್ನು ಮುಂದೆ ತಳ್ಳಿಕೊಂಡು, ಬಿರುಕುಗಳಲ್ಲಿ ಇಳಿದು ತಡೆದು, ನಡೆದು ಬರುವ ಮನುಷ್ಯನಷ್ಟೇ ನಿಧಾನವಾಗಿ ನೀರು ಬರುತ್ತದೆ. ಚೆಂಡಾಡುತ್ತಿದ್ದ ಹುಡುಗರು ಆಟ ನಿಲ್ಲಿಸಿ, ಅದರ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ ಊರಿನವರೆಗೂ ಅದನ್ನು ಕರೆತರುತ್ತಾರೆ.